ಕಡಿಮೆ ಓಮ್‌ನ ಇಂಜೆಕ್ಟರ್‌ಗಳಿಗೆ ರೆಸಿಸ್ಟರ್ ಜೋಡಿಸಿದ ಬಗೆ

ಟರ್ಬೊ ಅಳವಡಿಸಿದ ನನ್ನ ನಾಲ್ಕು ಸಿಲಿಂಡರ್ ಕಾರಿಗೆಂದು ತಂದ ದೊಡ್ಡ ಇಂಜೆಕ್ಟರ್‌ಗಳನ್ನು (ಎಂಜಿನ್‌ಗೆ ಇಂಧನ ಸಿಂಪಡಿಸುವ ವಿದ್ಯುತ್ ಕವಾಟಗಳು) ಮಲ್ಟಿಮೀಟರ್‌ನಿಂದ ಅಳೆದಾಗ ತಲಾ 2.4 ಓಮ್ ಬಂತು. ಕಾರಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬಯಸುವುದು 12ರಿಂದ 16 ಓಮ್. ಎಂಜಿನ್ ಓಡುವಾಗ ಇರುವ 14 ವೋಲ್ಟ್‌ಗೆ 2.4 ಓಮ್ ಎಂದರೆ ಸುಮಾರು 5.8 ಆಂಪಿಯರ್. ಅಷ್ಟು ಹರಿದರೆ ಇಸಿಯು ಒಳಗೆ ಇಂಜೆಕ್ಟರನ್ನು ಆನ್-ಆಫ್ ಮಾಡುವ ಡ್ರೈವರ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

12 ವೋಲ್ಟ್ ಪೂರೈಕೆಯ ತಂತಿಯನ್ನು ನಾಲ್ಕಾಗಿ ಕವಲೊಡೆಸಿ, ಪ್ರತಿ ಇಂಜೆಕ್ಟರ್‌ಗೂ 6.8 ಓಮ್, 50 ವ್ಯಾಟ್‌ನ ಪ್ರತ್ಯೇಕ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿದೆ. ಈಗ ಒಟ್ಟು 9.2 ಓಮ್, ಕರೆಂಟ್ ಸುಮಾರು 1.5 ಆಂಪಿಯರ್, ನನ್ನ ಇಸಿಯು ಇದನ್ನು ತಾಳುತ್ತದೆ. ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕುವುದು ಬೇಡವೇ ಬೇಡ: ಎರಡು ಇಂಜೆಕ್ಟರ್‌ಗಳು ಒಟ್ಟಿಗೆ ತೆರೆದಾಗ ಎರಡಕ್ಕೂ ಕರೆಂಟ್ ಸಾಲದೆ ಇಂಧನದ ಲೆಕ್ಕವೇ ತಪ್ಪುತ್ತದೆ.

ಇಂಜೆಕ್ಟರ್ ಸತತವಾಗಿ ತೆರೆದಿದ್ದರೆ ಒಂದೊಂದು ರೆಸಿಸ್ಟರ್ ಸುಮಾರು 15 ವ್ಯಾಟ್ ಶಾಖ ಹೊರಹಾಕುತ್ತದೆ. ಹಾಗಾಗಿ ಅವನ್ನು ಅಲ್ಯೂಮಿನಿಯಂ ತಗಡಿಗೆ ಬಿಗಿದು, ಗಾಳಿಯಾಡುವಲ್ಲಿ, ವೈರಿಂಗ್‌ನಿಂದ ದೂರದಲ್ಲಿ ಕೂರಿಸಿದೆ.

ಇಷ್ಟಾದರೂ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇರುವಾಗ) ಎಂಜಿನ್ ತಡವರಿಸುತ್ತಿತ್ತು. ರೆಸಿಸ್ಟರ್ ಬಂದ ಮೇಲೆ ಇಂಜೆಕ್ಟರ್ ತೆರೆದುಕೊಳ್ಳುವುದು ತುಸು ನಿಧಾನವಾಗುತ್ತದೆ. ಟ್ಯೂನಿಂಗ್‌ನಲ್ಲಿ ಡೆಡ್ ಟೈಮ್ (ಇಂಜೆಕ್ಟರ್ ತೆರೆಯಲು ಹಿಡಿಯುವ ಹೊತ್ತಿಗಾಗಿ ಇಸಿಯು ಸೇರಿಸುವ ಸಮಯ) ಹೆಚ್ಚಿಸಿದೆ, ಐಡಲ್ ಸ್ಥಿರವಾಯಿತು.