ಬೆಂಗಳೂರಿನ ಮನೆಯಲ್ಲಿ ಹವಳ ಇಲ್ಲದ ರೀಫ್ ಟ್ಯಾಂಕು

ನಮ್ಮ ಹಾಲ್‌ನಲ್ಲಿ ಒಂದು ರೀಫ್ ಟ್ಯಾಂಕು ಇದೆ, ಅಂದರೆ ಹವಳದ ದಿಬ್ಬವನ್ನು ಹೋಲುವ ಉಪ್ಪುನೀರಿನ ಅಕ್ವೇರಿಯಂ. ಮನೆಗೆ ಬಂದವರು ಮೊದಲು ಕೇಳುವುದೇ "ಹವಳ ಎಲ್ಲಿ?" ಅಂತ. ಇಲ್ಲ. ಬೇಕಂತಲೇ ಇಟ್ಟಿಲ್ಲ. ರೀಫ್ ಕಟ್ಟುವ ಕಲ್ಲು ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಹುಲಿ ಇರುವ ಪಟ್ಟಿಯಲ್ಲಿ. ನಮ್ಮ ಕಡಲಿನಿಂದ ಕಿತ್ತು ತಂದಿದ್ದನ್ನು ಯಾರಾದರೂ ಗುಟ್ಟಾಗಿ ತೋರಿಸಿದರೂ ಕೊಳ್ಳಬೇಡಿ. ಕಡಲಿನ ಜೀವಿಗಳು ಅಂಟಿಕೊಂಡಿರುವ, 'ಲೈವ್ ರಾಕ್' ಅಂತ ಮಾರುವ ಕಲ್ಲೂ ಎಷ್ಟೋ ಸಲ ಸತ್ತ ಹವಳವೇ ಆಗಿರುತ್ತದೆ. ಹವಳ ನೋಡುವ ಆಸೆ ಇದ್ದರೆ ಮಳೆಗಾಲ ಮುಗಿದ ಮೇಲೆ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿನ ನೇತ್ರಾಣಿ ದ್ವೀಪದ ಹತ್ತಿರ ನೀರಿಗಿಳಿದು ನೋಡಿ ಬನ್ನಿ. ನನ್ನ ಟ್ಯಾಂಕಿನಲ್ಲಿ ಇರುವುದು ಒಣ ಕಲ್ಲು, ಕಡಲಕಳೆ, ಬಸವನಹುಳು, ಒಂದು ಜೋಡಿ ಕ್ಲೌನ್ ಮೀನು. ಅಷ್ಟೇ.

ಟ್ಯಾಂಕು 3 ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ಹಿಡಿಯುವುದು ಸುಮಾರು 190 ಲೀಟರ್. ನೀರು, ಕಲ್ಲು, ಗಾಜು ಎಲ್ಲ ಸೇರಿದರೆ ಹತ್ತಿರ ಹತ್ತಿರ ಕಾಲು ಟನ್. ಸ್ಟ್ಯಾಂಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದಲ್ಲೇ ಮಾಡಿಸಿ ಇಪಾಕ್ಸಿ ಪೇಂಟ್ ಹೊಡೆಸಿದೆ. ಮೇಸ್ತ್ರಿ ಹತ್ತಿರ ಲೆವೆಲ್ ಇಸ್ಕೊಂಡು ನಾಲ್ಕೂ ಮೂಲೆ ನೋಡಿದೆ. ಒಂದು ಮೂಲೆ ತಗ್ಗಿದ್ದರೂ ಗಾಜಿನ ಮೇಲೆ ಒತ್ತಡ ಬೀಳುತ್ತದೆ.

ನಿಜವಾದ ಕೆಲಸ ನೀರಿನದ್ದು. ನಮ್ಮ ಬಿಲ್ಡಿಂಗಿನಲ್ಲಿ ಒಂದು ದಿನ ಕಾವೇರಿ, ಒಂದು ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್, ಮೂರೂ ಸಂಪಿನಲ್ಲಿ ಬೆರೆತು ಮೇಲೆ ಹೋಗುವುದರಿಂದ ಇವತ್ತು ನಲ್ಲಿಯಲ್ಲಿ ಬರುವುದು ಯಾವ ನೀರು ಅಂತ ವಾಚ್‌ಮನ್‌ಗೂ ಗೊತ್ತಿರುವುದಿಲ್ಲ. ಆರ್‌ಓ ಬೇಕೇ ಬೇಕು. ಆದರೆ ಅಡುಗೆಮನೆಯ ಆರ್‌ಓ ನೀರು ಸಾಲದು. ಬಹಳಷ್ಟು ಯಂತ್ರಗಳು ರುಚಿಗೆ ಅಂತ ಕೊನೆಯಲ್ಲಿ ಸ್ವಲ್ಪ ನಲ್ಲಿ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುತ್ತವೆ. ಕುಡಿಯಲು ಅದು ಸರಿ, ಟ್ಯಾಂಕಿಗೆ ಬೇಡ. ನಾನು ಬೇರೆಯೇ ಆರ್‌ಓ ಹಾಕಿಸಿ, ಅದರಾಚೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಸೇರಿಸಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೇ ಉಪ್ಪಿನ ಡಬ್ಬ ಒಡೆದೆ. ಆರ್‌ಓ ಹೊರಗೆ ಬಿಡುವ ನೀರೆಲ್ಲ ಬಕೆಟ್ಟಿಗೆ, ಅಲ್ಲಿಂದ ನೆಲ ಒರೆಸಲು. ಇಲ್ಲದಿದ್ದರೆ ಮನೆಯವರು ಈ ಹುಚ್ಚಿಗೆ ಎಂದೋ ಎಳ್ಳುನೀರು ಬಿಡಿಸುತ್ತಿದ್ದರು.

ಮಂಗಳೂರಿನಿಂದ ಕ್ಯಾನಿನಲ್ಲಿ ಸಮುದ್ರದ ನೀರೇ ತರಬಹುದಲ್ಲಾ ಅಂದವರಿದ್ದಾರೆ. ದಡದ ನೀರಿನಲ್ಲಿ ಮಣ್ಣು, ದೋಣಿಯ ಎಣ್ಣೆ ಎಲ್ಲ ಇರುತ್ತದೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆ ತುಂಬಿ ಬಂದಾಗ ಅಲ್ಲಿ ಉಪ್ಪೂ ಇಳಿದಿರುತ್ತದೆ. ಅಕ್ವೇರಿಯಂ ಉಪ್ಪೇ ವಾಸಿ. ಲೀಟರಿಗೆ 36ರಿಂದ 38 ಗ್ರಾಂ, ಗುರಿ 35 ಪಿಪಿಟಿ, ಅಂದರೆ ಸಾವಿರ ಭಾಗದಲ್ಲಿ 35 ಭಾಗ ಉಪ್ಪು. ಅಡುಗೆ ಉಪ್ಪು ಇಲ್ಲಿ ನಡೆಯುವುದಿಲ್ಲ, ಸಮುದ್ರದ ನೀರೆಂದರೆ ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಆಸುಪಾಸು ಇರಬೇಕು. ಮೊದಲು ನೀರು, ಅದರಲ್ಲಿ ಪಂಪು ಓಡುತ್ತಿರಲಿ, ಆಮೇಲೆ ಉಪ್ಪನ್ನು ಸ್ವಲ್ಪ ಸ್ವಲ್ಪ ಹಾಕಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ, ಮತ್ತೆ ಸುಲಭವಾಗಿ ಕರಗುವುದಿಲ್ಲ. ಉಪ್ಪಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಲ್ಲಿ ಸೊನ್ನೆಗೆ ತಂದು ನಂಬಬೇಡಿ, 35 ಪಿಪಿಟಿಯ ದ್ರಾವಣ ಚಿಕ್ಕ ಬಾಟಲಿಯಲ್ಲಿ ಸಿಗುತ್ತದೆ, ಅದರಲ್ಲಿ ಸರಿ ಮಾಡಿಕೊಳ್ಳಿ.

ಮೀನಿನ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಒಣ ಕಲ್ಲಿನಲ್ಲಿ ಇರುವುದಿಲ್ಲ. ಮೀನು ತರುವ ಮೊದಲು ಅವನ್ನು ಬೆಳೆಸಬೇಕು. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ ಏರಿಸಿದೆ, ಬಾಟಲಿಯ ಬ್ಯಾಕ್ಟೀರಿಯಾ ಸುರಿದೆ, ಸುಮ್ನೆ ಕಾದೆ. ಕೆಲವರು ಸಿಗಡಿ ಕೊಳೆಸುತ್ತಾರೆ. ಅದರಲ್ಲಿ ಅಮೋನಿಯಾ ಜೊತೆ ಫಾಸ್ಫೇಟೂ ಬರುತ್ತದೆ, ವಾಸನೆಯಂತೂ ಕೇಳಬೇಡಿ. ಸಿಹಿನೀರಿನ ಮೀನು ಸಾಕಿದವರಿಗೆ ನೈಟ್ರೈಟ್ ಕಂಡರೆ ಭಯ ಅಲ್ವಾ? ಉಪ್ಪುನೀರಿನಲ್ಲಿ ಕ್ಲೋರೈಡ್ ಹೇರಳವಾಗಿರುವುದರಿಂದ ಅದು ಮೀನಿನ ಕಿವಿರಿನ ಮೂಲಕ ಒಳಹೋಗುವುದು ತುಂಬಾ ಕಡಿಮೆ. ನಾನು ಮುಖ್ಯವಾಗಿ ನೋಡಿದ್ದು, ಹಾಕಿದ 2 ಪಿಪಿಎಂ ಅಮೋನಿಯಾ ಒಂದು ದಿನದೊಳಗೆ ಸೊನ್ನೆಗೆ ಇಳಿಯುತ್ತದಾ ಅಂತ. ಅಲ್ಲಿಗೆ ಬರಲು ಸಾಮಾನ್ಯವಾಗಿ ತಿಂಗಳು, ಒಂದೂವರೆ ತಿಂಗಳು ಹಿಡಿಯುತ್ತದೆ.

ಇನ್ನು ಸೆಖೆ. ಟ್ಯಾಂಕಿಗೆ ಬೇಕಾದ್ದು 25, 26 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಹಾಲ್ ಮಧ್ಯಾಹ್ನಕ್ಕೇ 30 ದಾಟುತ್ತದೆ, ಮೇಲೆ ಪಂಪು ಲೈಟುಗಳ ಬಿಸಿ ಬೇರೆ. ನೀರು ತಣ್ಣಗೆ ಮಾಡುವ ಚಿಲ್ಲರ್ ಯಂತ್ರದ ಬೆಲೆ ಕೇಳಿ ವಾಪಸ್ ಬಂದೆ. ನೀರಿನ ಮೇಲೆ ಗಾಳಿ ಹೊಡೆಯುವ ಹಾಗೆ ಎರಡು ಚಿಕ್ಕ ಫ್ಯಾನ್ ಕೂರಿಸಿದೆ, ಎರಡು ಮೂರು ಡಿಗ್ರಿ ಇಳಿಯಿತು. ಆದರೆ ನೀರು ಬೇಗ ಆವಿಯಾಗುತ್ತದೆ. ಉಪ್ಪು ಆವಿಯಾಗುವುದಿಲ್ಲ, ಅದಕ್ಕೇ ಕಡಿಮೆಯಾದ ಜಾಗಕ್ಕೆ ಉಪ್ಪಿಲ್ಲದ ಆರ್‌ಓ ನೀರನ್ನೇ ತುಂಬಬೇಕು. ಕರೆಂಟ್ ಹೋದಾಗ ನೀರು ನಿಂತರೆ ಮೀನಿಗೆ ಉಸಿರು ಕಟ್ಟುತ್ತದೆ, ಬಿಸಿ ಉಪ್ಪುನೀರಿನಲ್ಲಿ ಆಮ್ಲಜನಕ ಮೊದಲೇ ಕಮ್ಮಿ. ನೀರನ್ನು ಅಲುಗಿಸುವ ಪಂಪು, ವೇವ್‌ಮೇಕರ್ ಒಂದನ್ನು ಇನ್ವರ್ಟರ್ ಲೈನಿಗೆ ಕೊಟ್ಟಿದ್ದೇನೆ. ಟ್ಯಾಂಕಿನ ಕೆಳಗೆ ಫಿಲ್ಟರ್ ತೊಟ್ಟಿ (ಇದಕ್ಕೂ ಸಂಪ್ ಅಂತಲೇ ಹೆಸರು) ಇಟ್ಟವರು ಒಮ್ಮೆ ಪಂಪಿನ ಪ್ಲಗ್ ಕಿತ್ತು ನೋಡಿ, ಮೇಲಿಂದ ಇಳಿದ ನೀರು ಅದರಲ್ಲಿ ಹಿಡಿಸಬೇಕು. ವೈರುಗಳು ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಲಿ, ಹನಿ ಸಾಕೆಟ್ಟಿಗೆ ಹೋಗದ ಹಾಗೆ. ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಮೊದಲ ತಿಂಗಳುಗಳಲ್ಲಿ ಕಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಹಸಿರು ಕೂದಲಿನಂಥ ಪಾಚಿ. ಬಸವನಹುಳುಗಳು ಮೇಯುತ್ತವೆ, ಗ್ರಾಸಿಲೇರಿಯಾ ಕಡಲಕಳೆ ನೈಟ್ರೇಟ್ ಹೀರುತ್ತದೆ. ಕಾಲರ್ಪಾ ಅನ್ನುವ ಇನ್ನೊಂದು ಕಡಲಕಳೆ ನೋಡಲು ಚಂದ, ಆದರೆ ಕೆಲವೊಮ್ಮೆ ರಾತ್ರೋರಾತ್ರಿ ಕರಗಿ ನೀರು ಕೆಡಿಸುತ್ತದೆ, ನಾನು ಹಾಕಲಿಲ್ಲ. ಈಗ ಕಲ್ಲಿನ ಮೇಲೆ ನೇರಳೆ ಪದರ ಹಬ್ಬುತ್ತಿದೆ. ಅದು ಹವಳವಲ್ಲ, ಸುಣ್ಣ ಕಟ್ಟುವ ಒಂದು ಜಾತಿಯ ಪಾಚಿ, ರೀಫ್ ಅನ್ನಿಸುವ ಬಣ್ಣ ಬರುವುದು ಅದರಿಂದಲೇ.

ಕ್ಲೌನ್ ಮೀನುಗಳನ್ನು ತಮಿಳುನಾಡಿನ ಮಂಡಪಂನಲ್ಲಿರುವ ಸಿಎಂಎಫ್‌ಆರ್‌ಐ (ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರ ತೊಟ್ಟಿಯಲ್ಲೇ ಮರಿ ಮಾಡಿಸಿ ತೋರಿಸಿದೆ, ಹಾಗಾಗಿ ಕಡಲಿನಿಂದ ಹಿಡಿದ ಮೀನು ಕೊಳ್ಳಲು ಕಾರಣವೇ ಇಲ್ಲ. ಎರಡು ಮರಿ ತನ್ನಿ, ಒಂದು ದೊಡ್ಡದು ಒಂದು ಚಿಕ್ಕದು. ದೊಡ್ಡದು ಹೆಣ್ಣಾಗುತ್ತದೆ. ಅಂಗಡಿಯಲ್ಲಿ ನಿಂತು "ಇದಕ್ಕೆ ಊಟ ಹಾಕಿ ತೋರಿಸಿ" ಅಂತ ಕೇಳಿ. ತಿನ್ನದಿದ್ದರೆ ಎಷ್ಟೇ ರಿಯಾಯಿತಿ ಕೊಟ್ಟರೂ ತರಬೇಡಿ.