ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ರಾತ್ರಿ ಫೋಟೊ: ಎಫ್ ನಂಬರ್ ಎಷ್ಟಿಡಬೇಕು?

ಹೋದ ವರ್ಷ ಒಂದು ಭಾನುವಾರ ವಿಧಾನಸೌಧದ ಮುಂದೆ ನಿಂತು ಇಪ್ಪತ್ತು ಫೋಟೊ ತೆಗೆದೆ. ಭಾನುವಾರ ಸಂಜೆ ಕಟ್ಟಡಕ್ಕೆ ದೀಪ ಹಾಕುತ್ತಾರಲ್ಲ, ಅದಕ್ಕೇ ಹೋಗಿದ್ದು. ಕಟ್ಟಡ ಅಂದರೆ ಎಫ್ 11 ಅಂತ ಎಲ್ಲೋ ಓದಿದ್ದೆ, ಹಾಗೇ ಇಟ್ಟೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದರೆ, ‘ಸರ್ಕಾರದ ಕೆಲಸ ದೇವರ ಕೆಲಸ’ ಅನ್ನೋ ಅಕ್ಷರಗಳು ಎಣ್ಣೆ ಸವರಿದ ಗಾಜಿನ ಹಿಂದೆ ಇದ್ದ ಹಾಗಿದ್ದವು. ಕೈ ಅಲುಗಿತು ಅನ್ನೋಣವೆಂದರೆ ಟ್ರೈಪಾಡ್ ಇತ್ತು. ತಪ್ಪು ಆ 11ರದ್ದು.

ಫೋಕಲ್ ಲೆಂತನ್ನು (ದೂರದ ವಸ್ತುವಿನ ಚಿತ್ರ ಸ್ಪಷ್ಟವಾಗಿ ಮೂಡಲು ಲೆನ್ಸ್‌ನಿಂದ ಬೇಕಾಗುವ ದೂರ) ಲೆನ್ಸ್‌ನ ತೂತಿನ ಅಗಲದಿಂದ ಭಾಗಿಸಿದರೆ ಬರುವುದೇ ಎಫ್ ನಂಬರ್. ಅದಕ್ಕೇ ನಂಬರ್ ಏರಿದಷ್ಟೂ ತೂತು ಚಿಕ್ಕದಾಗುತ್ತದೆ. ನನ್ನದು ಒಂದು ಇಂಚಿನ ಸೆನ್ಸರ್ (ಚಿತ್ರ ಮೂಡುವ ಚಿಪ್) ಇರುವ ಕ್ಯಾಮೆರಾ. ಜೂಮ್ ಮಾಡದಿದ್ದಾಗ ಫೋಕಲ್ ಲೆಂತ್ 8.8 ಮಿ.ಮೀ. ಎಫ್ 1.8ರಲ್ಲಿ ತೂತು ಸುಮಾರು 5 ಮಿ.ಮೀ., ತೊಗರಿ ಕಾಳಿನಷ್ಟು. ಎಫ್ 11ರಲ್ಲಿ 0.8 ಮಿ.ಮೀ., ರಾಗಿ ಕಾಳಿಗಿಂತ ಸಣ್ಣದು. ಕಿರಿದಾದ ತೂತಿನಲ್ಲಿ ನುಗ್ಗುವಾಗ ಬೆಳಕು ಅಂಚಿನಲ್ಲಿ ಬಾಗಿ ಹರಡಿಕೊಳ್ಳುತ್ತದೆ. ಇದೇ ಡಿಫ್ರಾಕ್ಷನ್. ದೊಡ್ಡ ಸೆನ್ಸರ್‌ನಲ್ಲಿ ಆ ಹರಡುವಿಕೆ ಅಷ್ಟಾಗಿ ಕಾಣುವುದಿಲ್ಲ. ನಮ್ಮ ಪುಟ್ಟ ಸೆನ್ಸರ್‌ನ ಚಿತ್ರವನ್ನು ಜಾಸ್ತಿ ಹಿಗ್ಗಿಸಬೇಕಲ್ಲ, ಹಾಗಾಗಿ ಎದ್ದು ಕಾಣುತ್ತದೆ.

ಇನ್ನೊಂದು ವಿಷಯ. ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಬರಲಿ ಅಂತ ನಂಬರ್ ಏರಿಸುವವರಿದ್ದಾರೆ. ಇಲ್ಲಿ ಅದು ಬೇಡವೇ ಬೇಡ. ಒಂದು ಇಂಚಿನ ಸೆನ್ಸರ್‌ನಲ್ಲಿ ಎಫ್ 4 ಇಟ್ಟರೆ, ಅದೇ ದೃಶ್ಯಕ್ಕೆ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್ 11 ಕೊಡುವಷ್ಟೇ ಆಳ, ಅಂದರೆ ಹತ್ತಿರದಿಂದ ದೂರದವರೆಗಿನ ಸ್ಪಷ್ಟತೆ, ಸಿಗುತ್ತದೆ.

ಸರಿ, ಈಗ ಕ್ಯಾಮೆರಾ ಕೈಗೆತ್ತಿಕೊಳ್ಳಿ. ಮೊದಲು ಡಯಲ್ಲನ್ನು ‘ಎ’ ಅಥವಾ ‘ಎವಿ’ಗೆ ತಿರುಗಿಸಿ. ನಂಬರ್ ನೀವು ಇಡುತ್ತೀರಿ, ಷಟರ್ ವೇಗವನ್ನು, ಅಂದರೆ ಬೆಳಕನ್ನು ಒಳಬಿಡುವ ಹೊತ್ತನ್ನು, ಕ್ಯಾಮೆರಾ ನೋಡಿಕೊಳ್ಳುತ್ತದೆ. ಕೆಲವು ಅಗ್ಗದ ಮಾದರಿಗಳಲ್ಲಿ ಈ ಆಯ್ಕೆಯೇ ಇರುವುದಿಲ್ಲ. ಅಂಥದ್ದಾದರೆ ನೈಟ್ ಮೋಡ್ ಹಾಕಿ, ಕ್ಯಾಮೆರಾವನ್ನು ಯಾವುದಾದರೂ ಗೋಡೆಗೆ ಒತ್ತಿ ಹಿಡಿಯಿರಿ. ಅಷ್ಟೇ.

ಆಮೇಲೆ ಒಂದೇ ಪ್ರಶ್ನೆ: ಕ್ಯಾಮೆರಾ ಕೈಯಲ್ಲಿದೆಯೋ, ಸ್ಟ್ಯಾಂಡ್ ಮೇಲಿದೆಯೋ?

ಕೈಯಲ್ಲಿದ್ದರೆ ಇರುವುದರಲ್ಲಿ ಅತಿ ಸಣ್ಣ ನಂಬರ್ ಇಡಿ. ಯೋಚನೆ ಬೇಡ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದೀರಿ ಅಂದುಕೊಳ್ಳಿ. ರಾಶಿ ಹಾಕಿದ ಕಾಯಿ, ಮೇಲೊಂದು ಬಲ್ಬ್, ಸೇರಿನಲ್ಲಿ ಅಳೆಯುತ್ತಿರುವ ಅಜ್ಜಿ. ಎಫ್ 1.8, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನೋ ಅಳತೆ) 800 ಇಟ್ಟರೆ ಷಟರ್ ಸೆಕೆಂಡಿನ 60ನೇ ಒಂದು ಭಾಗದ ಆಸುಪಾಸು ಬರಬೇಕು. ಅಜ್ಜಿಯ ಕೈ ಸ್ವಲ್ಪ ಮಸುಕಾದರೂ ಮುಖ ನಿಲ್ಲುತ್ತದೆ.

ಆದರೆ ಜೂಮ್ ಮುಟ್ಟಬೇಡಿ! ಎಷ್ಟೋ ಜನ ಎಡವುವುದು ಇಲ್ಲೇ. ಲೆನ್ಸ್ ಮೇಲೆ 1.8–2.8 ಅಂತ ಬರೆದಿದ್ದರೆ, ಪೂರ್ತಿ ಜೂಮ್ ಮಾಡಿದಾಗ ಸಿಗುವುದು 2.8 ಮಾತ್ರ. ಬೆಳಕು ಅರ್ಧಕ್ಕಿಂತ ಕಡಿಮೆಯಾಗಿ, 60ನೇ ಒಂದಿದ್ದ ಷಟರ್ 25ನೇ ಒಂದಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಜೂಮ್‌ನಲ್ಲಿ ಕೈನಡುಕವೂ ಜಾಸ್ತಿ ಕಾಣುತ್ತದೆ. ಎರಡು ಹೆಜ್ಜೆ ಮುಂದೆ ಹೋಗಿ, ಅಜ್ಜಿಯನ್ನು ಮಾತಾಡಿಸಿ, ಅರ್ಧ ಸೇರು ಕಾಯಿ ಕೊಂಡು ತೆಗೆಯಿರಿ.

ಸ್ಟ್ಯಾಂಡ್ ಮೇಲಿದ್ದರೆ ಎಫ್ 4. ಐಎಸ್‌ಒ ಅತಿ ಕಡಿಮೆಗೆ ಇಳಿಸಿ, ಎರಡು ಸೆಕೆಂಡ್ ಟೈಮರ್ ಹಾಕಿ, ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಷನ್ ಆಫ್ ಮಾಡಿ. ಟ್ರೈಪಾಡ್ ಇಲ್ಲವೇ? ಬಟ್ಟೆ ಚೀಲಕ್ಕೆ ಅರ್ಧ ಕೇಜಿ ಅಕ್ಕಿ ತುಂಬಿ ಬಾಯಿ ಕಟ್ಟಿ, ಕಾಂಪೌಂಡ್ ಮೇಲಿಟ್ಟು ಕ್ಯಾಮೆರಾವನ್ನು ಅದರೊಳಗೆ ಹುದುಗಿಸಿ. ನಾನು ಮತ್ತೆ ವಿಧಾನಸೌಧಕ್ಕೆ ಹೋದಾಗ ಹೀಗೇ ಮಾಡಿದ್ದು. ಎಫ್ 4, ಎರಡು ಸೆಕೆಂಡ್. ಈ ಸಲ ಅಕ್ಷರಗಳ ಅಂಚು ಚಾಕುವಿನ ಹಾಗೆ ಬಂತು. ಬಿಳಿ ಕಲ್ಲು ತೀರಾ ಬೆಳ್ಳಗಾಗಿ ಗೆರೆಗಳೇ ಮಾಯವಾದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೊದ ಬೆಳಕು ಹೆಚ್ಚು-ಕಡಿಮೆ ಮಾಡುವ ಆಯ್ಕೆ) ಅನ್ನು ಮೈನಸ್ 1ಕ್ಕೆ ಎಳೆಯಿರಿ, ನಂಬರ್ ಏರಿಸಬೇಡಿ.

ಎಫ್ 5.6 ಬೇಕಾಗುವುದು ಎರಡೇ ಕಡೆ. ಬೀದಿ ದೀಪದ ಸುತ್ತ ನಕ್ಷತ್ರದಂಥ ಕಿರಣ ಬೇಕಿದ್ದಾಗ, ಇಲ್ಲವೇ ಗಾಡಿಗಳ ದೀಪ ಉದ್ದ ಗೆರೆಯಾಗಿ ಬರಲಿ ಅಂತ ಷಟರ್ ಹೊತ್ತು ಹೆಚ್ಚಿಸುವಾಗ. ಗೆರೆಗೆ ಐಎಸ್‌ಒ 100ರಲ್ಲಿ ನಾಲ್ಕು ಸೆಕೆಂಡಿನಿಂದ ಶುರು ಮಾಡಿ ನೋಡಿ. ಇದಕ್ಕೆ ನಮ್ಮೂರಿನ ಸ್ಕೈವಾಕ್‌ಗಳು ಒಳ್ಳೆ ಜಾಗ, ಟ್ರಾಫಿಕ್ಕಿಗಂತೂ ಬರವಿಲ್ಲ. ಒಂದೇ ತೊಂದರೆ, ಯಾರಾದರೂ ನಡೆದರೆ ಸ್ಕೈವಾಕ್ ಸಣ್ಣಗೆ ನಡುಗುತ್ತದೆ. ಕಾಲಿಗೆ ಗೊತ್ತಾಗದಿದ್ದರೂ ಫೋಟೊಗೆ ಗೊತ್ತಾಗುತ್ತದೆ. ಏಳು ಗಂಟೆಗೆ ಹೋದರೆ ಜನ ಹೋಗ್ತಾನೇ ಇರ್ತಾರೆ. ಒಂಬತ್ತರ ಮೇಲೆ ಹೋಗಿ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ನಿಂತ ಮೇಲೆ ಬಟನ್ ಒತ್ತಿ.