ಯುಸಿಎಸ್ ಚಾಸಿಯಲ್ಲಿ ಫರ್ಮ್‌ವೇರ್ ಏರಿಸುವ ಕ್ರಮ

ಸಿಸ್ಕೋದ ಸರ್ವರ್ ವ್ಯವಸ್ಥೆಯಾದ ಯುಸಿಎಸ್‌ನ 5108 ಚಾಸಿಯಲ್ಲಿ (ಸರ್ವರ್ ಕೂರಿಸುವ ಪೆಟ್ಟಿಗೆ) 8 ಅರ್ಧ ಅಗಲದ ಬ್ಲೇಡ್‌ಗಳು, ಅಂದರೆ ತೆಳು ಸರ್ವರ್‌ಗಳು, ಕೂರುತ್ತವೆ. ಒಂದೊಂದಕ್ಕೂ ಕೈಯಾರೆ ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ತಂತ್ರಾಂಶ) ಹಾಕುತ್ತ ಹೋದರೆ ಆರು ತಿಂಗಳಲ್ಲಿ ಯಾವುದರಲ್ಲಿ ಯಾವ ಆವೃತ್ತಿ ಇದೆಯೆಂಬುದೇ ಗೊಂದಲ. ಯಾವ ಆವೃತ್ತಿ ಇರಬೇಕೆಂದು ಹೇಳುವ ಹೋಸ್ಟ್ ಫರ್ಮ್‌ವೇರ್ ಪ್ಯಾಕೇಜ್ ಮಾಡಿ, ಸರ್ವರ್‌ಗಳ ಸೆಟ್ಟಿಂಗ್‌ಗಳ ಅಚ್ಚಾದ ಸರ್ವಿಸ್ ಪ್ರೊಫೈಲ್ ಟೆಂಪ್ಲೇಟಿಗೆ ಕಟ್ಟಿಬಿಡಿ.

ಎಲ್ಲಕ್ಕಿಂತ ಮೊದಲು, ಬದಲಾವಣೆಗೆ ಸರ್ವರ್ ಯಾವಾಗ ರೀಬೂಟ್ ಆಗಬೇಕೆಂದು ಹೇಳುವ ಮೇಂಟೆನೆನ್ಸ್ ಪಾಲಿಸಿ ನೋಡಿ. ಅದು ‘ಇಮೀಡಿಯೆಟ್’ ಆಗಿದ್ದರೆ, ಪ್ಯಾಕೇಜಿನ ಆವೃತ್ತಿ ಬದಲಿಸಿ ಸೇವ್ ಒತ್ತಿದ ಕ್ಷಣವೇ ಅದಕ್ಕೆ ಸೇರಿದ ಸರ್ವರ್‌ಗಳೆಲ್ಲ ಒಟ್ಟಿಗೆ ರೀಬೂಟ್! ‘ಯೂಸರ್ ಆಕ್’ (ಬಳಕೆದಾರರ ಒಪ್ಪಿಗೆ) ಇಟ್ಟರೆ ಒಂದೊಂದು ಸರ್ವರನ್ನೇ ಅದರ ಕೆಲಸ ಬೇರೆಡೆಗೆ ಸರಿಸಿ ಖಾಲಿ ಮಾಡಿ ಒಪ್ಪಿಗೆ ಕೊಡಬಹುದು.

ಬ್ಯಾಕಪ್ ತೆಗೆದು, ‘ಶೋ ಕ್ಲಸ್ಟರ್ ಎಕ್ಸ್‌ಟೆಂಡೆಡ್-ಸ್ಟೇಟ್’ ಕೊಟ್ಟು ‘ಎಚ್‌ಎ ರೆಡಿ’ (ಒಂದು ಇಂಟರ್‌ಕನೆಕ್ಟ್ ನಿಂತರೆ ಇನ್ನೊಂದು ಹೊರಲು ಸಿದ್ಧ) ಬಂತೇ ನೋಡಿ. ಬಳಿಕ ಮೂಲ ವ್ಯವಸ್ಥೆಯ ಫರ್ಮ್‌ವೇರ್ ಕಟ್ಟಾದ ‘ಎ’ ಬಂಡಲ್, ಈ ಕ್ರಮದಲ್ಲಿ: ನಿರ್ವಹಣಾ ತಂತ್ರಾಂಶವಾದ ಯುಸಿಎಸ್ ಮ್ಯಾನೇಜರ್, ಐಒಎಂ (ಚಾಸಿಯನ್ನು ಇಂಟರ್‌ಕನೆಕ್ಟ್‌ಗೆ ಜೋಡಿಸುವ ಮಾಡ್ಯೂಲ್), ಜೋಡಿ ಫ್ಯಾಬ್ರಿಕ್ ಇಂಟರ್‌ಕನೆಕ್ಟ್‌ಗಳಲ್ಲಿ (ಚಾಸಿಗಳನ್ನು ಜಾಲಕ್ಕೆ ಜೋಡಿಸುವ ಸ್ವಿಚ್‌ಗಳು) ಸಬಾರ್ಡಿನೇಟ್, ಕೊನೆಗೆ ಪ್ರೈಮರಿ. ಐಒಎಂಗೆ ‘ಸೆಟ್ ಸ್ಟಾರ್ಟಪ್ ವರ್ಷನ್ ಓನ್ಲಿ’ ಆರಿಸಿ. ಇಲ್ಲದಿದ್ದರೆ ಅದು ಎರಡು ಸಲ ರೀಬೂಟ್ ಆದೀತು. ಜನ ಎಡವುವುದು ಒಂದು ಇಂಟರ್‌ಕನೆಕ್ಟ್ ಮುಗಿದು ಇನ್ನೊಂದಕ್ಕೆ ಹೋಗುವ ನಡುವೆ. ಸಬಾರ್ಡಿನೇಟ್ ಮರಳಿ ಬಂದ ಮೇಲೂ ಹೋಸ್ಟ್‌ಗಳ ಸ್ಟೋರೇಜ್ ಪಾತ್‌ಗಳು (ಸರ್ವರ್‌ನಿಂದ ಡಿಸ್ಕ್‌ಗೆ ಹೋಗುವ ದಾರಿಗಳು) ತಕ್ಷಣ ಏಳುವುದಿಲ್ಲ. ಎರಡೂ ಕಡೆಯ ಪಾತ್ ಎಣಿಸದೆ ಪ್ರೈಮರಿಗೆ ಒಪ್ಪಿಗೆ ಕೊಟ್ಟರೆ ಸರ್ವರ್‌ಗೆ ಡಿಸ್ಕೇ ಮಾಯ.

ಬ್ಲೇಡ್‌ಗಳ ‘ಬಿ’ ಬಂಡಲ್ ಆಮೇಲೆ, ನಿಧಾನವಾಗಿ. ಓಎಸ್‌ನ ಇನಿಕ್ (ನೆಟ್‌ವರ್ಕ್), ಎಫ್‌ನಿಕ್ (ಸ್ಟೋರೇಜ್) ಡ್ರೈವರ್‌ಗಳನ್ನೂ ಸಿಸ್ಕೋದ ಹೊಂದಾಣಿಕೆ ಪಟ್ಟಿಗೆ ತಾಳೆ ಹಾಕಿ.